ಆಟದಲ್ಲಿ ಇಲ್ಲದ ಭಾಷೆ ಊಟಕ್ಕಷ್ಟೇ ಉಳಿದೀತು

ಪುಣೆಯಲ್ಲಿ ಕನ್ನಡದ ಮನೆಗಳಿಗೆ ಬರವಿಲ್ಲ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಎಂದೋ ಬಂದು ನೆಲೆಸಿದವರಿದ್ದಾರೆ. ನನ್ನ ಹಾಗೆ ಹಾಸನದಿಂದ ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದು ಇಲ್ಲೇ ಉಳಿದುಕೊಂಡವರೂ ಇದ್ದಾರೆ. ಈ ಮನೆಗಳಲ್ಲಿ ಹೆಚ್ಚುಕಡಿಮೆ ಒಂದೇ ರೂಢಿ. ಅಡುಗೆಮನೆಯಲ್ಲಿ ಕನ್ನಡ, ಊರಿಗೆ ಫೋನು ಮಾಡುವಾಗ ಕನ್ನಡ. ಟಿವಿ ಹಾಕಿದರೆ ಹಿಂದಿ, ಮಕ್ಕಳ ಕೈಗೆ ಗೇಮ್ ಸಿಕ್ಕರೆ ಇಂಗ್ಲಿಷ್. ಇತ್ತೀಚೆಗೆ ನೋಡಿದ ಕೆಲವು ಸರಣಿಗಳು, ಆಡಿದ ಒಂದೆರಡು ಗೇಮ್‌ಗಳು ಈ ರೂಢಿಯ ಬಗ್ಗೆ ಯೋಚಿಸುವಂತೆ ಮಾಡಿವೆ.

ಮೊದಲು ಗೇಮ್ ವಿಷಯ. 'ವೆಂಬಾ' 2023ರಲ್ಲಿ ಬಂದ ಪುಟ್ಟ ಆಟ. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ಕುಟುಂಬವೊಂದರ ಕತೆ. ಇಲ್ಲಿ ಗುಂಡು ಹಾರಿಸುವುದಿಲ್ಲ, ಅಡುಗೆ ಮಾಡಬೇಕು. ಅಮ್ಮ ಕೊಟ್ಟ ಅಡುಗೆ ಪುಸ್ತಕದಲ್ಲಿ ಅಲ್ಲಲ್ಲಿ ಸಾಲುಗಳು ಮಾಸಿಹೋಗಿವೆ, ಬಿಟ್ಟುಹೋದದ್ದನ್ನು ನಾವೇ ಊಹಿಸಬೇಕು. ಇಡ್ಲಿ ಸ್ಟ್ಯಾಂಡಿನ ತಟ್ಟೆಗಳನ್ನು ಜೋಡಿಸುವ ಕಡೆ ನಾನಿನ್ನೂ ಯೋಚಿಸುತ್ತಿದ್ದೆ. ಹನ್ನೊಂದು ವರ್ಷದ ಮಗಳು, "ಒಂದರ ಮೇಲೊಂದು ನೇರ ಇಡಬಾರದು ಅಪ್ಪ, ಅಜ್ಜಿ ತಿರುಗಿಸಿ ಇಡ್ತಾರಲ್ಲ" ಅಂದಳು. ಅಜ್ಜಿಯ ಅಡುಗೆಮನೆ ಒಂದು ಗೇಮಿನೊಳಗೆ ಉಪಯೋಗಕ್ಕೆ ಬಂದದ್ದು ಅವಳಿಗೆ ಹಬ್ಬದಂಥ ಸಂಗತಿ.

ಕತೆ ಮುಂದುವರಿದಂತೆ ಮಗ ಕವಿನ್ ದೊಡ್ಡವನಾಗುತ್ತಾನೆ. ಅಮ್ಮನ ಅಡುಗೆಯನ್ನು ತಾನೇ ಮಾಡಲು ಹೊರಟರೆ ಪುಸ್ತಕದ ತಮಿಳು ಅವನಿಗೆ ಸರಿಯಾಗಿ ಓದಲು ಬರುವುದಿಲ್ಲ. ಮಗಳು ಸುಮ್ಮನೆ ನೋಡುತ್ತಿದ್ದಳು. ಶಾಲೆಯಲ್ಲಿ ಅವಳಿಗೆ ಇಂಗ್ಲಿಷ್, ಮರಾಠಿ, ಹಿಂದಿ ಇದೆ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದುವಾಗ ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಾಳೆ. ಕೆನಡಾ ದೂರವಿರಬಹುದು, ಕವಿನ್ ದೂರದವನಲ್ಲ.

ಇನ್ನು ಸರಣಿಗಳು. 'ಪಂಚಾಯತ್' ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟ. ಉತ್ತರ ಪ್ರದೇಶದ ಫುಲೇರಾ ಎಂಬ ಹಳ್ಳಿಗೆ ಒಲ್ಲದ ಮನಸ್ಸಿನಿಂದ ಬರುವ ಕಾರ್ಯದರ್ಶಿ, ಹೆಂಡತಿ ಪ್ರಧಾನೆಯಾದರೂ ಅಧಿಕಾರ ನಡೆಸುವ ಗಂಡ, ಇವರನ್ನು ನಮ್ಮ ಯಾವ ತಾಲ್ಲೂಕಿನಲ್ಲಿ ಬೇಕಾದರೂ ಕಾಣಬಹುದು. ಈ ಕತೆಯನ್ನು 2024ರಲ್ಲಿ 'ತಲೈವೆಟ್ಟಿಯಾನ್ ಪಾಳೆಯಂ' ಎಂದು ತಮಿಳಿನಲ್ಲಿ, 2025ರಲ್ಲಿ 'ಶಿವರಪಲ್ಲಿ' ಎಂದು ತೆಲುಗಿನಲ್ಲಿ ಮತ್ತೆ ಚಿತ್ರಿಸಿದರು. ಅಕ್ಕಪಕ್ಕದ ಎರಡು ಭಾಷೆಗೂ ಅದು ತಮ್ಮೂರ ಕತೆಯಾಯಿತು. ನಾವು ಹಿಂದಿಯಲ್ಲೇ ನೋಡಿ ನಕ್ಕೆವು.

ಕನ್ನಡದಲ್ಲಿ ಮಾಡುವವರಿಲ್ಲ ಎನ್ನುವಂತಿಲ್ಲ. ಕರಾವಳಿಯ ಬದುಕಿನ ಏಳು ಕತೆಗಳ 'ಏಕಂ' ಸರಣಿ ನೋಡಿ. ಸಿದ್ಧವಾಗಿದ್ದರೂ ದೊಡ್ಡ ಓಟಿಟಿಗಳು ಕೊಳ್ಳಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ತಂಡದವರು ತಮ್ಮದೇ ಜಾಲತಾಣ ಮಾಡಿ ಅದರಲ್ಲಿ ಬಿಡುಗಡೆ ಮಾಡಿದರು. ಮಾರುಕಟ್ಟೆ ಚಿಕ್ಕದು ಎನ್ನುವ ಮಾತನ್ನು ಇಂಥ ಹೊತ್ತಿನಲ್ಲಿ ಕೇಳುತ್ತೇವೆ. 2011ರ ಜನಗಣತಿಯ ಪ್ರಕಾರ ಕನ್ನಡ ತಾಯ್ನುಡಿಯವರು ಸುಮಾರು 4.37 ಕೋಟಿ, ಮಲಯಾಳಂನವರು ಸುಮಾರು 3.48 ಕೋಟಿ. ಆದರೂ ಮಲಯಾಳಂನಲ್ಲಿ 'ಕೇರಳ ಕ್ರೈಂ ಫೈಲ್ಸ್' ನಂಥ ಸರಣಿಗಳಿಗೆ ದೊಡ್ಡ ಓಟಿಟಿಗಳೇ ಹಣ ಹಾಕುತ್ತಿವೆ. ತಲೆ ಎಣಿಕೆಯಲ್ಲಿ ನಾವು ಕಡಿಮೆಯಿಲ್ಲ. ದುಡ್ಡು ಕೊಟ್ಟು ನಮ್ಮ ಭಾಷೆಯಲ್ಲೇ ನೋಡುವವರ ಎಣಿಕೆಯಲ್ಲಿ ಹಿಂದಿದ್ದೇವೆಯೇ ಎಂಬುದು ಪ್ರಶ್ನೆ.

ಈ ಅಭ್ಯಾಸಕ್ಕೆ ಹಳೆಯ ಕಾರಣವೂ ಇದೆ. ಸ್ಥಳೀಯ ಕಲಾವಿದರ ಅನ್ನ ಉಳಿಯಲಿ ಎಂಬ ಕಾಳಜಿಯಿಂದ ಡಬ್ಬಿಂಗ್ ಮೇಲೆ ದಶಕಗಳ ಕಾಲ ಅಘೋಷಿತ ನಿಷೇಧವಿತ್ತು. 2012ರಲ್ಲಿ 'ಸತ್ಯಮೇವ ಜಯತೆ' ಹಲವು ಭಾಷೆಗಳಲ್ಲಿ ಬಂದಾಗ ಕನ್ನಡಕ್ಕೆ ಮಾತ್ರ ಬರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆಯ ವಿರುದ್ಧ ಆದೇಶ ನೀಡಿತು. 2020ರ ಲಾಕ್‌ಡೌನ್ ಸಮಯದಲ್ಲಿ 'ಮಹಾಭಾರತ' ಧಾರಾವಾಹಿ ಕನ್ನಡದಲ್ಲಿ ಮೂಡಿಬಂದಾಗ ಮನೆಮಂದಿಯೆಲ್ಲ ಕೂತು ನೋಡಿದರು. ಕಾಳಜಿ ಪ್ರಾಮಾಣಿಕವಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಷ್ಟು ವರ್ಷ ಬೇರೆ ಭಾಷೆಯಲ್ಲಿ ನೋಡಿ ನೋಡಿ ನಮ್ಮ ಕಿವಿಗೆ ಕನ್ನಡದ ಸಂಭಾಷಣೆಯೇ ಒಗ್ಗದಂತಾಯಿತು.

ಪುಣೆಯದೇ ತಂಡವೊಂದು 2020ರಲ್ಲಿ 'ರಾಜಿ' ಎಂಬ ಗೇಮ್ ತಂದಿತು. ರಾಕ್ಷಸರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಡುವ ಹುಡುಗಿಯ ಕತೆ. ನಡುನಡುವೆ ಕತೆ ಹೇಳಲು ನೆರಳು ಗೊಂಬೆಗಳನ್ನು ಬಳಸಿದ್ದಾರೆ. ನೋಡಿದರೆ ನಮ್ಮ ತೊಗಲುಗೊಂಬೆಯಾಟ ನೆನಪಾಗದೆ ಇರದು. ಮೊದಲು ಇಂಗ್ಲಿಷಿನಲ್ಲಿದ್ದ ಧ್ವನಿಗೆ ಆಮೇಲೆ ಹಿಂದಿಯೂ ಸೇರಿತು. ತೊಗಲುಗೊಂಬೆ, ಯಕ್ಷಗಾನ, ಭೂತದ ಕೋಲ ಇಟ್ಟುಕೊಂಡಿರುವ ನಾಡಿಗೆ ಇಂಥ ಆಟಕ್ಕೆ ಕತೆಯ ಕೊರತೆಯಿಲ್ಲ. ಬೆಂಗಳೂರಿನಲ್ಲಿ ಕೋಡ್ ಬರೆಯುವವರ ಕೊರತೆ ಮೊದಲೇ ಇಲ್ಲ.

ಇವೆಲ್ಲ ಮನರಂಜನೆ ತಾನೇ, ಮನೆಯಲ್ಲಿ ಮಾತಾಡಿದರೆ ಸಾಲದೇ ಎಂದು ಗೆಳೆಯರು ಕೇಳುತ್ತಾರೆ. ಸಾಲದು. ಮನೆಯ ಕನ್ನಡದಲ್ಲಿ 'ಊಟ ಮಾಡು', 'ಹೋಂವರ್ಕ್ ಆಯ್ತಾ', 'ಮಲಗು' ಇಷ್ಟೇ ಇದ್ದರೆ ಮಗುವಿಗೆ ಅದು ಅಪ್ಪಣೆಯ ಭಾಷೆಯಾಗುತ್ತದೆ. ನಗು, ಭಯ, ಸಾಹಸ, ಗೆಳೆತನ ಎಲ್ಲ ಬೇರೆ ಭಾಷೆಯಲ್ಲಿ ಸಿಗುತ್ತದೆ. ದೊಡ್ಡವರಾದ ಮೇಲೆ ಯಾವ ಭಾಷೆಯನ್ನು ತಮ್ಮದೆಂದುಕೊಳ್ಳುತ್ತಾರೆ, ಹೇಳಿ?

ನವೆಂಬರ್ ಬಂತೆಂದರೆ ಹೊರನಾಡಿನ ಕನ್ನಡ ಸಂಘಗಳಲ್ಲಿ ಬಾವುಟ, ನಾಡಗೀತೆ, ಹೋಳಿಗೆ ಊಟ. ಆಗಲಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಮಕ್ಕಳನ್ನು ಕೂರಿಸಿಕೊಂಡು ಒಂದು ಕನ್ನಡ ಸರಣಿ ನೋಡುವ ಸಂಜೆಯನ್ನೂ ಇಟ್ಟುಕೊಳ್ಳೋಣ. ಕನ್ನಡ ಧ್ವನಿ ಇರುವಲ್ಲಿ ಅದನ್ನೇ ಆರಿಸೋಣ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲವೆಂದು ಹೇಳೋಣ, ಚೆನ್ನಾಗಿದ್ದರೆ ನಾಲ್ಕು ಜನಕ್ಕೆ ದಾಟಿಸೋಣ. ಕಾಸು ಕೊಟ್ಟು ಕೇಳುವವರಿದ್ದರೆ ಮಾಡುವವರು ಬಂದೇ ಬರುತ್ತಾರೆ.