ಪ್ರೊಜೆಕ್ಟರ್ ಕೊಳ್ಳುವ ಮುನ್ನ ಒಬ್ಬ ಬ್ಯಾಂಕಿನವನ ಲೆಕ್ಕ

ಬ್ಯಾಂಕಿಗೆ ಸಾಲ ಕೇಳಲು ಬರುವ ವ್ಯಾಪಾರಿಗಳು ಎರಡು ಬಗೆಯ ಲೆಕ್ಕಪತ್ರ ತಂದು ಮೇಜಿನ ಮೇಲಿಡುತ್ತಾರೆ. ಒಂದು ಆಡಿಟ್ ಆದದ್ದು, ಅಂದರೆ ನಡೆದುಹೋದ ವರ್ಷಗಳದ್ದು. ಇನ್ನೊಂದು ‘ಪ್ರೊಜೆಕ್ಟೆಡ್’, ಅಂದರೆ ಮುಂದೆ ಹೀಗಾಗುತ್ತದೆ ಎಂಬ ಆಸೆಯದ್ದು. ಮೊದಲನೆಯದರಲ್ಲಿ ಲಾಭ ಬಡಕಲಾಗಿರುತ್ತದೆ, ಎರಡನೆಯದರಲ್ಲಿ ಅದಕ್ಕೆ ಹೊಟ್ಟೆ ಬಂದಿರುತ್ತದೆ. ಮೂವತ್ತು ವರ್ಷ ಇದನ್ನೇ ನೋಡಿಕೊಂಡು ಬಂದ ನನಗೆ ಈಗ ಪ್ರೊಜೆಕ್ಟರ್ ಡಬ್ಬಿಗಳ ಮೇಲಿನ ಅಂಕಿ ಓದಿದಾಗ ನಗು ಬರುತ್ತದೆ. ಹೆಸರಿಗೆ ತಕ್ಕ ಹಾಗೆ ಎಲ್ಲವೂ ‘ಪ್ರೊಜೆಕ್ಟೆಡ್’!

ಈ ಡೊಂಬಿವಲಿಯಲ್ಲಿ ನಾವು ನಾಲ್ಕು ಕನ್ನಡದವರು ಸೇರಿದ ಕಡೆಯೆಲ್ಲ ಇತ್ತೀಚೆಗೆ ಒಂದು ಪ್ರಶ್ನೆ ಬರುತ್ತಿದೆ. ಕೈಚೀಲದಲ್ಲಿ ಹಿಡಿಸುವ, ಆ್ಯಪ್‌ಗಳು ಒಳಗೇ ಇರುವ ಆ ಪುಟ್ಟ ಸ್ಮಾರ್ಟ್ ಪ್ರೊಜೆಕ್ಟರ್ ತಗೊಳ್ಳಬಹುದೇ? ಬಿಕಾಂ ಓದಿದವನನ್ನು ತಾಂತ್ರಿಕ ವಿಷಯ ಯಾಕೆ ಕೇಳುತ್ತಾರೋ ಗೊತ್ತಿಲ್ಲ. ದುಡ್ಡಿನ ವಿಷಯ ಅಂತ ಇರಬೇಕು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಯ ಟೀವಿಗೆ ಬದಲಾಗಿ ಇದನ್ನು ಕೊಳ್ಳಬೇಡಿ. ನಾಲ್ಕು ಮನೆಯವರು ಒಟ್ಟಿಗೆ ಕೂತು ಕನ್ನಡ ನೋಡುವುದಕ್ಕೆ ಅಂತಾದರೆ ಖಂಡಿತ ಕೊಳ್ಳಿ. ಮತ್ತು ನಾಲ್ಕು ಮನೆಗೂ ಸೇರಿ ಒಂದೇ ಸಾಕು.

ಯಾಕೆ ಅಂತೀರಾ? ಟೀವಿ ಇವತ್ತು ಯಾರ ಮನೆಯಲ್ಲಿಲ್ಲ ಹೇಳಿ. ಅದೇ ದುಡ್ಡಿಗೆ ಬರುವ 43 ಇಂಚಿನ ಟೀವಿ ಹಗಲಲ್ಲೂ ಚೆನ್ನಾಗಿ ಕಾಣುತ್ತದೆ. ಪ್ರೊಜೆಕ್ಟರ್‌ಗೆ ಆ ಭಾಗ್ಯವಿಲ್ಲ. ಅದು ಗೋಡೆಯ ಮೇಲೆ ಬೆಳಕು ಚೆಲ್ಲಬಲ್ಲದು, ಕತ್ತಲೆಯನ್ನು ಚೆಲ್ಲಲಾರದು. ಚಿತ್ರದಲ್ಲಿ ಕಪ್ಪು ಎಷ್ಟು ಕಪ್ಪಾಗಿರಬೇಕು ಎನ್ನುವುದನ್ನು ನಿಮ್ಮ ಕೋಣೆಯ ಕತ್ತಲೆಯೇ ತೀರ್ಮಾನಿಸುತ್ತದೆ. ಟ್ಯೂಬ್‌ಲೈಟ್ ಹಾಕಿ ಸಿನಿಮಾ ನೋಡುತ್ತೇನೆ ಎಂದರೆ ಪೊಲೀಸನ ಖಾಕಿಗೂ ಗೋಡೆಯ ಬಣ್ಣಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಹಾಗಾದರೆ ಡಬ್ಬಿಯ ಮೇಲೆ ಓದಬೇಕಾದ ಅಂಕಿ ಯಾವುದು? ಒಂದೇ ಒಂದು, ‘ಆನ್ಸಿ ಲ್ಯೂಮೆನ್ಸ್’. ಕೆಲವು ಕಂಪನಿಗಳು ‘ಐಎಸ್‌ಒ ಲ್ಯೂಮೆನ್ಸ್’ ಎಂದು ಹಾಕುತ್ತವೆ, ಅದೂ ನಡೆಯುತ್ತದೆ. ಪರದೆಯ ಮೇಲೆ ಬಿಳಿ ಚಿತ್ರ ಬಿಟ್ಟು, ಒಂಬತ್ತು ಜಾಗಗಳಲ್ಲಿ ಬೆಳಕನ್ನು ಅಳೆದು, ಸರಾಸರಿ ತೆಗೆದು ಕೊಡುವ ಲೆಕ್ಕ ಇದು. ಇದು ಆಡಿಟ್ ಆದ ಅಂಕಿ. ಬರೀ ‘ಲ್ಯೂಮೆನ್ಸ್’, ‘ಎಲ್‌ಇಡಿ ಲ್ಯೂಮೆನ್ಸ್’, ‘ಲೈಟ್ ಸೋರ್ಸ್ ಲ್ಯೂಮೆನ್ಸ್’ ಎಂದು ಸಾವಿರಗಟ್ಟಲೆ ಬರೆದಿದ್ದರೆ ಅದು ಪ್ರೊಜೆಕ್ಟೆಡ್ ಬ್ಯಾಲೆನ್ಸ್ ಶೀಟು. ಎಂಟು ಸಾವಿರ ರೂಪಾಯಿಯ ಪೆಟ್ಟಿಗೆಯ ಮೇಲೆ ಒಂಬತ್ತು ಸಾವಿರ ಲ್ಯೂಮೆನ್ಸ್ ಎಂದಿದ್ದರೆ, ರೂಪಾಯಿಗಿಂತ ಅಗ್ಗವಾದ ಬೆಳಕು ಎಲ್ಲಿಂದ ಬಂತು ಎಂದು ಅಂಗಡಿಯವನನ್ನೇ ಕೇಳಿ. ಆನ್ಸಿ ಅಂಕಿ ಎಲ್ಲೂ ಬರೆದಿಲ್ಲವೇ? ಆಡಿಟ್ ರಿಪೋರ್ಟ್ ಕೊಡದ ಪಾರ್ಟಿಗೆ ನಾವು ಸಾಲ ಕೊಡುವುದಿಲ್ಲ. ನೀವೂ ಕೊಡಬೇಡಿ.

ರಾತ್ರಿ ಹೊತ್ತು, ಪರದೆ ಎಳೆದ ಕೋಣೆಯಲ್ಲಿ 80 ಇಂಚಿನ ಚಿತ್ರಕ್ಕೆ 300ರಿಂದ 400 ಆನ್ಸಿ ಲ್ಯೂಮೆನ್ಸ್ ಇದ್ದರೆ ನೆಮ್ಮದಿಯಿಂದ ನೋಡಬಹುದು. ‘ನಮ್ಮದು 150 ಇಂಚು ಬರುತ್ತದೆ’ ಎಂದು ಅಂಗಡಿಯವನು ಹೇಳಿದರೆ ತಲೆಯಾಡಿಸಿ, ಆದರೆ ಮರುಳಾಗಬೇಡಿ. ಚಿತ್ರದ ಇಂಚು ಎರಡರಷ್ಟಾದರೆ ಅದರ ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ. ಬೆಳಕು ಮಾತ್ರ ಅಷ್ಟೇ. ಅಂದರೆ 60 ಇಂಚಿನಲ್ಲಿ ಹೊಳೆಯುವ ಚಿತ್ರ 120 ಇಂಚಿನಲ್ಲಿ ಕಾಲು ಭಾಗದ ಹೊಳಪಿನಲ್ಲಿ ಅಳುತ್ತಿರುತ್ತದೆ. ಒಂದು ಸೇರು ಹಿಟ್ಟಿನಲ್ಲಿ ಎಷ್ಟು ದೊಡ್ಡ ರೊಟ್ಟಿ ಬೇಕಾದರೂ ತಟ್ಟಬಹುದು, ತೂತು ಬೀಳುತ್ತದೆ ಅಷ್ಟೆ.

ಇನ್ನು ಜಾಗದ ಲೆಕ್ಕ. ನಮ್ಮ ಮುಂಬಯಿ ಕಡೆಯ ಹಾಲ್ ಹತ್ತು ಹನ್ನೆರಡು ಅಡಿ ಇದ್ದರೆ ದೊಡ್ಡದು. ಈ ಸಣ್ಣ ಪ್ರೊಜೆಕ್ಟರ್‌ಗಳಲ್ಲಿ ಹೆಚ್ಚಿನವಕ್ಕೆ ಚಿತ್ರದ ಅಗಲದ ಸುಮಾರು 1.2ರಷ್ಟು ದೂರ ಬೇಕು. 80 ಇಂಚಿನ ಚಿತ್ರದ ಅಗಲ ಆರು ಅಡಿಗೆ ಸ್ವಲ್ಪ ಕಡಿಮೆ, ಹಾಗಾಗಿ ಏಳು ಅಡಿ ದೂರ. 100 ಇಂಚಿಗೆ ಹತ್ತಿರ ಹತ್ತಿರ ಒಂಬತ್ತು ಅಡಿ. ಸೋಫಾ, ಕಪಾಟು, ಬಾಗಿಲು ಎಲ್ಲ ಕಳೆದು ಉಳಿಯುವುದು ಎಷ್ಟು ಎಂದು ಟೇಪು ಹಿಡಿದು ಅಳೆದುಕೊಂಡೇ ಅಂಗಡಿಗೆ ಹೋಗಿ. ಮಗ್ಗುಲಲ್ಲಿಟ್ಟು ಓರೆಯಾಗಿ ಬಿಟ್ಟರೂ ತಾನೇ ನೇರ ಮಾಡಿಕೊಳ್ಳುವ ‘ಆಟೋ ಕೀಸ್ಟೋನ್’ ಇದೆ, ನಿಜ. ಆದರೆ ಅದು ಚಿತ್ರದ ಅಂಚನ್ನು ಕತ್ತರಿಸಿ ನೇರ ಮಾಡುವ ಉಪಾಯ. ಕತ್ತರಿಸಿದಷ್ಟು ಸ್ಪಷ್ಟತೆ ಕಳೆಯುತ್ತದೆ. ಆದಷ್ಟೂ ಎದುರಿಗೇ ಇಡುವುದು ಒಳ್ಳೆಯದು.

‘4ಕೆ ಸಪೋರ್ಟ್’ ಎಂಬ ಮಾತೂ ಹೀಗೇ. ಸಪೋರ್ಟ್ ಎಂದರೆ 4ಕೆ ವಿಡಿಯೋ ಕೊಟ್ಟರೆ ವಾಪಸ್ ಕಳಿಸುವುದಿಲ್ಲ, ತನಗೆ ತಿಳಿದಷ್ಟರಲ್ಲಿ ತೋರಿಸುತ್ತದೆ ಎಂದರ್ಥ. ಕೇಳಬೇಕಾದದ್ದು ‘ನೇಟಿವ್’ ರೆಸಲ್ಯೂಶನ್. ಅದು 1920 ಗುಣಿಸು 1080 ಇರಲಿ. ಅಡಿಯಲ್ಲಿ ಓಡುವ ಸಬ್‌ಟೈಟಲ್ ನಿಚ್ಚಳವಾಗಿ ಕಾಣುತ್ತದೆ. ಹೊರನಾಡಿನ ನಮಗೆ ಸಬ್‌ಟೈಟಲ್ ಎಷ್ಟು ಮುಖ್ಯ ಎಂದು ಮುಂದೆ ಹೇಳುತ್ತೇನೆ.

ಈಗ ಆ್ಯಪ್‌ಗಳ ಮಾತು. ಎಲ್ಲರೂ ಕೇಳುವ ಮೊದಲ ಪ್ರಶ್ನೆ ‘ನೆಟ್‌ಫ್ಲಿಕ್ಸ್ ಬರುತ್ತಾ?’ ಎನ್ನುವುದು. ನೆಟ್‌ಫ್ಲಿಕ್ಸ್‌ನವರು ತಾವು ಪರೀಕ್ಷಿಸಿ ಒಪ್ಪಿದ ಯಂತ್ರಗಳಿಗೆ ಮಾತ್ರ ತಮ್ಮ ಟೀವಿ ಆ್ಯಪ್ ಕೊಡುತ್ತಾರೆ. ಆ ಒಪ್ಪಿಗೆ ಇರುವ ಪ್ರೊಜೆಕ್ಟರ್‌ಗಳು ಸಾಮಾನ್ಯವಾಗಿ ದುಬಾರಿ. ಅಗ್ಗದವುಗಳಲ್ಲಿ ಎಷ್ಟೋ ಸಲ ಮೊಬೈಲಿನ ಆಂಡ್ರಾಯ್ಡ್ ತುರುಕಿರುತ್ತಾರೆ. ಅದರಲ್ಲಿ ಆ್ಯಪ್ ತೆರೆದರೂ ರಿಮೋಟಿಗೆ ಬಗ್ಗುವುದಿಲ್ಲ. ನಕಲು ತಡೆಯುವ ಬೀಗದ ವ್ಯವಸ್ಥೆ, ‘ವೈಡ್‌ವೈನ್’ ಅಂತ ಅದರ ಹೆಸರು, ಕೆಳದರ್ಜೆಯದ್ದಾದರೆ ಎಷ್ಟು ದೊಡ್ಡ ಪರದೆಯಿದ್ದರೂ ಹಳೇ ಡಿವಿಡಿಯ ಮಟ್ಟದ ಚಿತ್ರವೇ ಬರುತ್ತದೆ. ಹಾಗಾಗಿ ಅಧಿಕೃತ ಗೂಗಲ್ ಟೀವಿ ಇರುವುದನ್ನು ಆರಿಸಿ ಎನ್ನುವುದು ಸರಿಯಾದ ಸಲಹೆ.

ಆದರೆ ನಮ್ಮಂಥವರು ಕೇಳಬೇಕಾದ ಪ್ರಶ್ನೆ ಬೇರೆ. ಕನ್ನಡ ಎಲ್ಲಿದೆ? 2022ರ ‘ಕಾಂತಾರ’ವನ್ನೇ ತೆಗೆದುಕೊಳ್ಳಿ. ಅದು ಆ ವರ್ಷ ಕನ್ನಡದಲ್ಲಿ ಬಂದದ್ದು ಪ್ರೈಮ್ ವಿಡಿಯೋದಲ್ಲಿ. ನೆಟ್‌ಫ್ಲಿಕ್ಸ್‌ನಲ್ಲಿ ಬಂದದ್ದು ಹಿಂದಿ ಡಬ್ಬಿಂಗ್. ನೆಟ್‌ಫ್ಲಿಕ್ಸ್ ಒಂದನ್ನೇ ನಂಬಿದ ಕನ್ನಡಿಗ ನಮ್ಮೂರ ದೈವ ಹಿಂದಿಯಲ್ಲಿ ಮಾತಾಡುವುದನ್ನು ಕೇಳಬೇಕಾಯಿತು! 2020ರಲ್ಲಿ ಥಿಯೇಟರುಗಳು ಮುಚ್ಚಿದ್ದಾಗ ‘ಲಾ’, ‘ಫ್ರೆಂಚ್ ಬಿರಿಯಾನಿ’ ನೇರವಾಗಿ ಬಂದದ್ದೂ ಪ್ರೈಮ್‌ಗೇ. 2025ರ ‘ಸು ಫ್ರಮ್ ಸೋ’ ಜಿಯೋಹಾಟ್‌ಸ್ಟಾರ್‌ಗೆ ಬಂತು. ಕನ್ನಡದ ವೆಬ್ ಸರಣಿ ‘ಅಯ್ಯನ ಮನೆ’ ಅದೇ ವರ್ಷ ಝೀ5ರಲ್ಲಿ. ಉದಯ ಟೀವಿ ಕಾಲದ ಸಿನಿಮಾಗಳು ಬೇಕೆಂದರೆ ಸನ್ ನೆಕ್ಸ್ಟ್. ಯಕ್ಷಗಾನಕ್ಕೆ ಯೂಟ್ಯೂಬ್ ಇದ್ದೇ ಇದೆ. ಕನ್ನಡಕ್ಕೋಸ್ಕರ ಕೊಳ್ಳುವವರು ನೆಟ್‌ಫ್ಲಿಕ್ಸ್ ಒಂದಕ್ಕಾಗಿ ಹತ್ತು ಹದಿನೈದು ಸಾವಿರ ಹೆಚ್ಚು ಕೊಡಬೇಕಾಗಿಲ್ಲ ಎಂಬುದು ನನ್ನ ವಾದ. ಮೇಲೆ ಹೇಳಿದ ಆ್ಯಪ್‌ಗಳು ಅಂಗಡಿಯಲ್ಲೇ, ನಿಮ್ಮ ಕಣ್ಣೆದುರೇ ತೆರೆಯುತ್ತವೆಯೇ ನೋಡಿ.

ಜೊತೆಗೆ ಎಚ್‌ಡಿಎಂಐ ಕಿಂಡಿ ಒಂದು ಇರಲೇಬೇಕು. ‘ಏಕಂ’ ಎಂಬ ಏಳು ಕಥೆಗಳ ಸರಣಿ ನೆನಪಿದೆಯಲ್ಲ? ನಮ್ಮ ಕರಾವಳಿಯ ಕಥೆಗಳು. ಅದಕ್ಕೆ ಸರಿಯಾದ ವೇದಿಕೆ ಸಿಗದೆ ರಕ್ಷಿತ್ ಶೆಟ್ಟರ ತಂಡ 2024ರಲ್ಲಿ ತಮ್ಮದೇ ವೆಬ್‌ಸೈಟಿನಲ್ಲಿ ಬಿಡುಗಡೆ ಮಾಡಬೇಕಾಯಿತು. ಇಂಥದ್ದಕ್ಕೆ ಯಾವ ಸ್ಮಾರ್ಟ್ ಪ್ರೊಜೆಕ್ಟರ್‌ನಲ್ಲೂ ಸಿದ್ಧ ಗುಂಡಿ ಇರುವುದಿಲ್ಲ. ಲ್ಯಾಪ್‌ಟಾಪಿನಿಂದ ಒಂದು ವಯರ್ ಎಳೆದರೆ ಮುಗಿಯಿತು. ಒಳಗಿನ ಸ್ಮಾರ್ಟ್‌ತನ ನಾಲ್ಕೈದು ವರ್ಷಕ್ಕೆ ಹಳತಾಗಿ ಆ್ಯಪ್‌ಗಳು ಮುನಿಸಿಕೊಂಡಾಗಲೂ ಅದೇ ಕಿಂಡಿಗೆ ಒಂದು ಟೀವಿ ಸ್ಟಿಕ್ ಚುಚ್ಚಿ ಇನ್ನೊಂದಷ್ಟು ಕಾಲ ಓಡಿಸಬಹುದು.

‘ಪೋರ್ಟಬಲ್’ ಎಂಬ ಪದಕ್ಕೂ ಟಿಪ್ಪಣಿ ಓದಬೇಕು. ಕೆಲವದರಲ್ಲಿ ಬ್ಯಾಟರಿಯೇ ಇರುವುದಿಲ್ಲ. 2022ರಲ್ಲಿ ಸ್ಯಾಮ್‌ಸಂಗ್‌ನ ‘ಫ್ರೀಸ್ಟೈಲ್’ ಭಾರತಕ್ಕೆ ಬಂದಾಗ ತೂಕ 830 ಗ್ರಾಂ, ಬೆಲೆ 84,990 ರೂಪಾಯಿ, ಬ್ಯಾಟರಿ ಬೇಕೆಂದರೆ ಪ್ರತ್ಯೇಕ. ಬ್ಯಾಟರಿ ಒಳಗೇ ಇರುವ ನೆಬ್ಯುಲಾ ಕ್ಯಾಪ್ಸೂಲ್ 3ರಂಥವು ಎರಡೂವರೆ ಗಂಟೆ ನಡೆಯುತ್ತವೆ ಎನ್ನುತ್ತಾರೆ. ‘ಕೆಜಿಎಫ್ 2’ ಸಿನಿಮಾ 168 ನಿಮಿಷ. ಅಂದರೆ ಕ್ಲೈಮ್ಯಾಕ್ಸಿಗೆ ಸರಿಯಾಗಿ ಕತ್ತಲೆ! ಮನೆಯಿಂದ ಮನೆಗೆ ಒಯ್ಯುವವರಿಗೆ ಬ್ಯಾಟರಿಗಿಂತ ಒಂದು ಉದ್ದನೆಯ ಎಕ್ಸ್‌ಟೆನ್ಷನ್ ವಯರೇ ಲಾಭ. ಉಳಿದ ದುಡ್ಡನ್ನು ಬೆಳಕಿಗೆ ಹಾಕಿ.

ದುಡ್ಡು ಎಂದ ಮೇಲೆ ನನ್ನ ಕಸುಬಿನ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ ಪ್ರೊಜೆಕ್ಟರ್ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ತೆರಿಗೆ ಬಿಟ್ಟು 30,000 ಇರುವ ಮಾಲಿಗೆ ಹಿಂದೆ 38,400 ಆಗುತ್ತಿದ್ದದ್ದು 35,400 ಆಗಬೇಕು. ಹಳೇ ಬೆಲೆಯ ಮೇಲೆ ‘ವಿಶೇಷ ರಿಯಾಯಿತಿ’ ಎಂದು ಇದನ್ನೇ ತೋರಿಸಿದರೆ ಮೋಸ ಹೋಗಬೇಡಿ. ಇನ್ನು ‘ನೋ ಕಾಸ್ಟ್ ಇಎಂಐ’. ಬಡ್ಡಿಯಿಲ್ಲದ ಸಾಲ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದು ಹೇಳಿದೆ. ಬಡ್ಡಿ ಎಲ್ಲೋ ಅಡಗಿ ಕೂತಿರುತ್ತದೆ, ಬೆಲೆಯಲ್ಲೋ, ಬಿಟ್ಟುಕೊಟ್ಟ ರಿಯಾಯಿತಿಯಲ್ಲೋ, ಪ್ರೊಸೆಸಿಂಗ್ ಫೀಯಲ್ಲೋ. ಒಂದೇ ಸಲಕ್ಕೆ ಕೊಟ್ಟರೆ ಎಷ್ಟು ಎಂದು ಮೊದಲು ಕೇಳಿ. 36,000ದ ಮಾಲನ್ನು ನಾಲ್ಕು ಮನೆ ಹಂಚಿಕೊಂಡರೆ ತಲೆಗೆ 9,000. ಇಎಂಐ ಮಾತೇ ಏಳುವುದಿಲ್ಲ. ಆದರೆ ಬಿಲ್ಲು ಒಬ್ಬರ ಹೆಸರಿನಲ್ಲಿರಲಿ, ವಾರಂಟಿಗೆ ಓಡಾಡುವವರು ಅವರೇ ಎಂದು ಮೊದಲೇ ಮಾತಾಗಲಿ. ಎಲ್ಲರದ್ದೂ ಆದ ವಸ್ತು ಕೊನೆಗೆ ಯಾರದ್ದೂ ಆಗಿರುವುದಿಲ್ಲ, ಜಂಟಿ ಖಾತೆಗಳಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇನೆ.

ಇಷ್ಟೆಲ್ಲ ರಗಳೆ ಯಾಕೆ, ಮೊಬೈಲಿನಲ್ಲಿ ನೋಡಿದರಾಗದೇ ಎಂದು ನೀವು ಕೇಳಬಹುದು. ಆಗುತ್ತದೆ. ಆದರೆ ಒಂದು ಸಂಗತಿ ಹೇಳುತ್ತೇನೆ. ಕಳೆದ ವರ್ಷ ನಾಲ್ಕು ಮನೆಯವರು ನಮ್ಮ ಹಾಲಿನಲ್ಲಿ ಚಾಪೆ ಹಾಸಿಕೊಂಡು ‘ಸು ಫ್ರಮ್ ಸೋ’ ನೋಡಿದೆವು. ಮಕ್ಕಳು ಇಂಗ್ಲಿಷ್ ಸಬ್‌ಟೈಟಲ್ ಓದಿ, ಮಾತು ಮುಗಿಯುವ ಮೊದಲೇ ನಗುತ್ತಿದ್ದರು. ನಮ್ಮ ಅಮ್ಮ ಮತ್ತು ಪಕ್ಕದ ಮನೆಯ ಅಜ್ಜಿ ಮಾತು ಕೇಳಿದ ಮೇಲೆ ನಗುತ್ತಿದ್ದರು. ಒಂದು ಕಡೆ ಅಜ್ಜಿಯರಿಬ್ಬರೇ ಬಿದ್ದು ಬಿದ್ದು ನಕ್ಕರು. ಮಕ್ಕಳು ಸುಮ್ಮನೆ ಕೂತಿದ್ದವು. ಇಲ್ಲೇ ಹುಟ್ಟಿ ಬೆಳೆದ ಹುಡುಗನೊಬ್ಬ ತಿರುಗಿ, ‘ಅಜ್ಜೀ, ಕೆಳಗೆ ಬರೆದದ್ದರಲ್ಲಿ ಜೋಕೇ ಇಲ್ಲವಲ್ಲ, ಯಾಕೆ ನಕ್ಕಿರಿ?’ ಎಂದ. ಸಿನಿಮಾ ನಿಲ್ಲಿಸಬೇಕಾಯಿತು. ಅಮ್ಮ ಆ ಮಾತನ್ನು ಬಿಡಿಸಿ ಹೇಳಿದರು, ಊರಲ್ಲಿ ಯಾರು ಹಾಗೆ ಮಾತಾಡುತ್ತಿದ್ದರು ಎಂದೂ ಹೇಳಿದರು. ಆಮೇಲೆ ಆ ಹುಡುಗ ಸಬ್‌ಟೈಟಲ್ ಓದಿದ ಮೇಲೆ ಅಜ್ಜಿಯ ಮುಖವನ್ನೂ ನೋಡತೊಡಗಿದ.

ಒಬ್ಬೊಬ್ಬರೂ ಕಿವಿಗೆ ವಯರ್ ಸಿಕ್ಕಿಸಿಕೊಂಡು ನೋಡಿದ್ದರೆ ಆ ಪ್ರಶ್ನೆಯೇ ಬರುತ್ತಿರಲಿಲ್ಲ. ಇಲ್ಲಿ ಕನ್ನಡ ಸಿನಿಮಾ ಬಂದರೆ ದೂರದ ಮಲ್ಟಿಪ್ಲೆಕ್ಸಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಒಂದು ಆಟ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘಗಳ ಕಾರ್ಯಕ್ರಮಕ್ಕೆ ಡೊಂಬಿವಲಿಯಿಂದ ಲೋಕಲ್ ಹಿಡಿದು ವಯಸ್ಸಾದವರನ್ನು ಎಷ್ಟು ಸಲ ಕರೆದೊಯ್ಯಲಾದೀತು? ಇಲ್ಲಿ ಬೆಳೆದ ಮಕ್ಕಳಿಗೆ ಕನ್ನಡದ ಮಾತು ಕಿವಿಗೆ ಬೀಳುವ ಜಾಗಗಳು ಬೆರಳೆಣಿಕೆಯಷ್ಟು. ಊರ ಬಯಲಿಗೆ ಟೂರಿಂಗ್ ಟಾಕೀಸು ಬರುತ್ತಿತ್ತಲ್ಲ, ಅದರ ಕೆಲಸವನ್ನು ಈ ಚೀಲದ ಯಂತ್ರ ಮಾಡಬಲ್ಲದು.

ಒಂದು ಎಚ್ಚರಿಕೆ. ಹುರುಪಿನಲ್ಲಿ ಸೊಸೈಟಿ ಹಾಲ್‌ನಲ್ಲೋ ಸಂಘದ ವೇದಿಕೆಯಲ್ಲೋ ಆ್ಯಪಿನ ಸಿನಿಮಾ ಹಾಕಬೇಡಿ. ಆ ಚಂದಾ ಮನೆ ಬಳಕೆಗೆ ಮಾತ್ರ. ಸಾರ್ವಜನಿಕವಾಗಿ ತೋರಿಸಲು ಹಕ್ಕುದಾರರ ಅನುಮತಿ ಬೇಕು, ಟಿಕೆಟ್ ಇಲ್ಲದಿದ್ದರೂ ಬೇಕು. ನಿರ್ಮಾಪಕರಿಗೆ ಒಂದು ಪತ್ರ ಬರೆದು ಕೇಳುವುದು ಮರ್ಯಾದೆ. ಮನೆಮನೆಗೆ ಒಯ್ಯುವಾಗಲೂ ಯಾರ ಮನೆಯಲ್ಲಿ ನೋಡುತ್ತೇವೋ ಅವರ ಖಾತೆಯಲ್ಲೇ ನೋಡಿ, ಹೊರಡುವಾಗ ಲಾಗೌಟ್ ಮಾಡಿ.

ಗೋಡೆ ಬಿಳಿಯಿದ್ದರೆ ಪರದೆ ಕೊಳ್ಳುವ ಖರ್ಚೂ ಇಲ್ಲ. ಆನ್ಸಿ ಅಂಕಿ ನೋಡಿ, ನೇಟಿವ್ ಕೇಳಿ, ಕನ್ನಡದ ಆ್ಯಪ್ ತೆರೆಸಿ, ಎಚ್‌ಡಿಎಂಐ ಹುಡುಕಿ. ಆಮೇಲೆ ಪಕ್ಕದ ಮೂರು ಮನೆಗಳ ಬಾಗಿಲು ತಟ್ಟಿ. ಯಂತ್ರ ಆರಿಸುವುದಕ್ಕಿಂತ ಆ ಕೆಲಸ ಕಷ್ಟ, ಆದರೆ ಮೊದಲು ಆಗಬೇಕಾದದ್ದು ಅದೇ.