ಎರಡು ನಿಮಿಷದ ಮೌನ

ಕಳೆದ ತಿಂಗಳು ಗೆಳೆಯನೊಬ್ಬನ ಶ್ರದ್ಧಾಂಜಲಿ ಸಭೆಗೆ ಹೋಗಿದ್ದೆ. ಮಾಲೆ ಹಾಕಿದ ಭಾವಚಿತ್ರ, ಅದರ ಮುಂದೊಂದು ದೀಪ, ಎರಡು ನಿಮಿಷದ ಮೌನ, ಆಮೇಲೆ ಭಾಷಣಗಳು. ಆರು ಮಂದಿ ಮಾತನಾಡಿದರು. ಅವರಲ್ಲಿ ನಾನೂ ಒಬ್ಬ. ಕನ್ನಡ ಅಧ್ಯಾಪಕನಾದವನಿಗೆ ಇಂಥ ಸಭೆಗಳಲ್ಲಿ ಸರದಿ ತಪ್ಪಿದ್ದಲ್ಲ. ‘ತುಂಬಲಾರದ ನಷ್ಟ’, ‘ಸಜ್ಜನಿಕೆಯ ಸಾಕಾರಮೂರ್ತಿ’, ‘ಅಜಾತಶತ್ರು’ ಮುಂತಾದ ಮಾತುಗಳು ನನ್ನ ಬಾಯಿಂದ ಸರಾಗವಾಗಿ ಹೊರಟವು. ಚೆನ್ನಾಗಿ ಮಾತನಾಡಿದೆನೆಂಬ ತೃಪ್ತಿಯಿಂದಲೇ ಬಂದು ಕುಳಿತೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಆ ಮಾತುಗಳನ್ನು ಯಾರ ಭಾವಚಿತ್ರದ ಮುಂದೆ ನಿಂತೂ ಆಡಬಹುದಾಗಿತ್ತು.

ನನ್ನ ಗೆಳೆಯ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ. ಆದರೆ ಅವನ ಜೀವವೆಲ್ಲ ಕಡಲಿನಲ್ಲಿತ್ತು. ನಲವತ್ತರ ಹೊಸ್ತಿಲಲ್ಲಿ ಅವನು ಸ್ಕೂಬಾ ಡೈವಿಂಗ್ ಕಲಿತ. ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು, ನೀರಿನಡಿಯಲ್ಲಿ ಉಸಿರಾಡುತ್ತ ಸ್ವತಂತ್ರವಾಗಿ ಈಜುವ ವಿದ್ಯೆ ಅದು. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ಉಪಕರಣದಿಂದ ಬೆಳೆದು ಬಂದದ್ದು. ಪ್ರತಿವರ್ಷವೂ ಮಳೆಗಾಲ ಮುಗಿದು ಕಡಲು ತಿಳಿಯಾಗುವುದನ್ನೇ ಅವನು ಕಾಯುತ್ತಿದ್ದ. ಆಮೇಲೆ ಮುರುಡೇಶ್ವರದ ರೈಲು ಹತ್ತಿಬಿಡುತ್ತಿದ್ದ. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ, ನೇತ್ರಾಣಿ ಎಂಬ ದ್ವೀಪವಿದೆ. ಅದರ ಸುತ್ತ ಹವಳದ ದಿಬ್ಬಗಳು, ಬಗೆಬಗೆಯ ಮೀನುಗಳು. ಹೋಗಿಬಂದ ವಾರವೆಲ್ಲ ಅವನ ಬಾಯಲ್ಲಿ ಅದೇ ಮಾತು.

“ಮೇಷ್ಟ್ರೇ, ನಿಮ್ಮ ಕವಿಗಳ ಹವಳದ ತುಟಿಯನ್ನು ಹದಿನೈದು ಮೀಟರ್ ಆಳಕ್ಕೆ ಒಯ್ದರೆ ಬೂದಿಯ ಬಣ್ಣ” ಎಂದು ಒಮ್ಮೆ ನಗಿಸಿದ್ದ. ಬೆಳಕು ನೀರಿನೊಳಗೆ ಇಳಿದಂತೆಲ್ಲ ಮೊದಲು ಕಳೆದುಹೋಗುವುದು ಕೆಂಪು ಬಣ್ಣವಂತೆ. ಹತ್ತಿರ ಹೋಗಿ ದೀಪ ಹಿಡಿದರೆ ಮಾತ್ರ ಅದು ಮತ್ತೆ ಕಾಣುತ್ತದೆಯಂತೆ.

ಅವನ ಸಾವಿಗೂ ಕಡಲಿಗೂ ಸಂಬಂಧವಿರಲಿಲ್ಲ. ಮನೆಯಲ್ಲಿ, ನಿದ್ದೆಯಲ್ಲಿ, ಹೃದಯ ನಿಂತಿತು. ಆದರೂ ಸಭೆಯಲ್ಲಿ ಕಡಲಿನ ಹೆಸರೆತ್ತಲು ಎಲ್ಲರಿಗೂ ಸಂಕೋಚ. ಹಿರಿಯರೊಬ್ಬರು ಮಾತ್ರ ‘ವಯಸ್ಸಿಗೆ ಒಪ್ಪದ ಹವ್ಯಾಸವೊಂದನ್ನು ಬಿಟ್ಟರೆ’ ಅವನಲ್ಲಿ ದೋಷವಿರಲಿಲ್ಲವೆಂದರು. ಅವನಿಗೆ ಪ್ರಾಣವಾಗಿದ್ದುದು ಅವನ ಲೆಕ್ಕದ ಖರ್ಚಿನ ಪುಟಕ್ಕೆ ಹೋಯಿತು. ನಾನು ಸುಮ್ಮನೆ ಕುಳಿತಿದ್ದೆ.

ವಂದನಾರ್ಪಣೆಗೆ ಮುನ್ನ, ಹಿಂದಿನ ಸಾಲಿನಲ್ಲಿದ್ದ ಯುವಕನೊಬ್ಬ ಎದ್ದು ಎರಡು ಮಾತಾಡಬಹುದೇ ಎಂದು ಕೇಳಿದ. ಕಡಲಿಗೆ ಇಳಿಯುವವರಿಗೆ ದಾರಿ ತೋರಿಸುವ ತರಬೇತುದಾರನಾತ. ರಾತ್ರಿಯ ಬಸ್ಸಿನಲ್ಲಿ ಬಂದಿದ್ದ. “ನೀರಿಗೆ ಇಳಿದವರೆಲ್ಲ ಮೊದಲು ಮೀನು ನೋಡ್ತಾರೆ. ಸಾಹೇಬರು ಮೊದಲು ಜೋಡಿಯವನ ಮುಖ ನೋಡ್ತಿದ್ರು” ಎಂದ. ಒಮ್ಮೆ ಹೊಸ ಹುಡುಗನೊಬ್ಬ ಆಳದಲ್ಲಿ ಹೆದರಿ, ಒಮ್ಮೆಲೇ ಮೇಲಕ್ಕೆ ನುಗ್ಗಲು ಹೊರಟನಂತೆ. ಹಾಗೆ ನುಗ್ಗುವುದು ಅಪಾಯ. ಪ್ರತಿ ಹತ್ತು ಮೀಟರಿಗೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ರಕ್ತದೊಳಗೆ ಕರಗಿದ ಸಾರಜನಕವು ಅವಸರದಿಂದ ಏರಿದವನ ಮೈಯಲ್ಲಿ ಗುಳ್ಳೆಯಾಗಿ ಏಳಬಹುದು. ಉಸಿರು ಬಿಗಿಹಿಡಿದರೆ ಶ್ವಾಸಕೋಶವೇ ಹರಿಯಬಹುದು. ನನ್ನ ಗೆಳೆಯ ಆ ಹುಡುಗನ ಕೈಹಿಡಿದು, ನಿಧಾನವಾಗಿ ಮೇಲೆ ತಂದು, ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಿಸಿ, ದೋಣಿಗೆ ಹತ್ತಿಸಿದನಂತೆ. ಅಂದು ತಾನು ಮತ್ತೆ ಇಳಿಯಲಿಲ್ಲ. ಹುಡುಗನ ಪಕ್ಕದಲ್ಲೇ ಕುಳಿತಿದ್ದನಂತೆ. ಈ ಸಂಗತಿಯನ್ನು ಅವನು ನನಗೆ ಎಂದೂ ಹೇಳಿರಲಿಲ್ಲ.

ಕೊನೆಗೆ ಆ ಯುವಕ ಹೆಬ್ಬೆರಳನ್ನೂ ತೋರುಬೆರಳನ್ನೂ ಕೂಡಿಸಿ ಉಂಗುರ ಮಾಡಿ ಭಾವಚಿತ್ರದ ಕಡೆ ತೋರಿಸಿದ. ನೀರಿನಡಿಯಲ್ಲಿ ಅದೇ ಪ್ರಶ್ನೆ, ಅದೇ ಉತ್ತರ: ‘ಸರಿಯಾಗಿದ್ದೀಯಾ?’ ‘ಸರಿಯಾಗಿದ್ದೇನೆ.’ ಮುಂದಿನ ಸಾಲಿನಲ್ಲಿದ್ದ ಗೆಳೆಯನ ಮಗಳು, ತಂದೆಯಿಂದ ಕಲಿತಿದ್ದಳೋ ಏನೋ, ತಾನೂ ಕೈಯೆತ್ತಿ ಉಂಗುರ ಮಾಡಿದಳು. ಆಗ ಸಭೆಯಲ್ಲಿ ನೆಲಸಿದ ಮೌನಕ್ಕೆ ಗಡಿಯಾರ ನೋಡಬೇಕಾಗಲಿಲ್ಲ.

ಅಂದಿನಿಂದ ನನ್ನ ಮನಸ್ಸನ್ನು ಕಾಡುತ್ತಿರುವುದು ಇದು. ನೀರಿನಡಿಯಲ್ಲಿ ಮಾತಿಲ್ಲ, ಆದ್ದರಿಂದ ಅಲ್ಲಿ ಒಂದೊಂದು ಸನ್ನೆಗೂ ಒಂದೇ ಅರ್ಥ. ಹೆಬ್ಬೆರಳನ್ನು ಮೇಲೆತ್ತಿದರೆ ಅದು ‘ಭೇಷ್’ ಅಲ್ಲ, ‘ಮೇಲೆ ಹೋಗೋಣ’ ಎಂಬ ಸೂಚನೆ. ತಪ್ಪಿದರೆ ಪ್ರಾಣಕ್ಕೆ ಕುತ್ತು. ದಡದ ಮೇಲಿನ ನಮಗೆ ಮಾತು ಯಥೇಚ್ಛ. ಅದಕ್ಕೇ ಅದರ ಬೆಲೆ ಇಳಿದಿದೆ. ‘ಅಜಾತಶತ್ರು’ ಎಂಬ ನಾಣ್ಯ ಸವೆದು ಮುದ್ರೆಯೇ ಕಾಣದಾಗಿದೆ.

ದುಃಖದ ಮನೆಯಲ್ಲಿ ಸಿದ್ಧವಾಕ್ಯಗಳೇ ಊರುಗೋಲಲ್ಲವೇ, ತೊದಲುವವನಿಗೆ ಅವೂ ಬೇಡವೇ ಎಂದು ಯಾರಾದರೂ ಕೇಳಬಹುದು. ಒಪ್ಪುತ್ತೇನೆ. ಮನೆಯವರು ಏನೂ ಆಡದಿದ್ದರೂ ಸರಿಯೆ. ಆದರೆ ಭಾಷೆಯೇ ಕಸುಬಾಗಿರುವ ನನ್ನಂಥವರಿಗೆ ಆ ರಿಯಾಯಿತಿ ಸಲ್ಲದು. ನಮ್ಮ ಹಿರಿಯರು ಕಲ್ಲಿನ ಮೇಲೂ ಹೀಗೆ ಮಾಡಲಿಲ್ಲ. ತುರುಗಳ್ಳರೊಡನೆ ಕಾದಿ ಮಡಿದವನ ವೀರಗಲ್ಲಿನಲ್ಲಿ ಆ ತುರುಗಳೂ ಇವೆ. 10ನೆಯ ಶತಮಾನದ ಆತಕೂರಿನ ಶಾಸನವು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ಹೆಸರಿಟ್ಟು ನೆನೆಯುತ್ತದೆ. ಮೇಲೆ ನಾಯಿಯೂ ಇದೆ, ಹಂದಿಯೂ ಇದೆ. ಸಾವಿರ ವರ್ಷದ ಮೇಲೆಯೂ ಆ ನಾಯಿ ಬೇರೆ ಯಾವ ನಾಯಿಯೂ ಅಲ್ಲ. ನನ್ನ ಗೆಳೆಯನಿಗೆ ನಾನು ಅಷ್ಟನ್ನೂ ಮಾಡಲಿಲ್ಲ.

ಶ್ರದ್ಧಾಂಜಲಿ ಸಭೆಗಳಲ್ಲಿ ಮಾತನಾಡುವವರು ಇನ್ನೊಬ್ಬರಿಗೆ ಸಲ್ಲದ ಒಂದೇ ಒಂದು ಮಾತನ್ನಾದರೂ ತರಬೇಕೆಂದು ನನ್ನ ವಿನಂತಿ. ಹೋದವನು ಏನನ್ನು ಪ್ರೀತಿಸಿದ? ಅದು ನಮಗೆ ಹುಚ್ಚೆಂದು ತೋರಿದರೂ, ನಮ್ಮ ಮರ್ಯಾದೆಯ ಚೌಕಟ್ಟಿಗೆ ಹೊಂದದಿದ್ದರೂ, ಅದನ್ನು ಹೇಳಬೇಕು. ಸಾವಿನ ದೂರದಲ್ಲಿಯೂ ಬಣ್ಣಗಳು ಬೇಗ ಮಾಸುತ್ತವೆ. ಹತ್ತಿರ ಹಿಡಿಯುವ ದೀಪವೊಂದು ಬೇಕು.

ಅಂದು ನಾನು ಹೇಳಬೇಕಾಗಿದ್ದುದು ಇಷ್ಟೆ: ಏಳು ವರ್ಷಗಳ ಕಾಲ ಅವನು ನನ್ನನ್ನು ನೇತ್ರಾಣಿಗೆ ಕರೆದ. “ನೀರಿಗಿಳಿಯುವುದು ಬೇಡ, ದೋಣಿಯಲ್ಲಿ ಕುಳಿತಿರಿ ಸಾಕು” ಎಂದೂ ಕರೆದ. ಏಳು ವರ್ಷವೂ ನಾನು ಉತ್ತರಪತ್ರಿಕೆಗಳ ನೆಪ ಹೇಳಿದೆ.