ಗೂಗಲ್ಲಿಗೆ ಬೈದದ್ದು ಸಾಕು, ಕೊಂಡಿ ಕೊಡಿ

2021ರ ಜೂನ್ ಮೊದಲ ವಾರ ನೆನಪಿದೆಯೇ? ಭಾರತದ ಅತಿ ಕುರೂಪದ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ 'ಕನ್ನಡ' ಎನ್ನುತ್ತಿತ್ತು. ಸಚಿವ ಅರವಿಂದ ಲಿಂಬಾವಳಿಯವರು ನೋಟಿಸ್ ಕೊಡುತ್ತೇವೆಂದರು, ಗೂಗಲ್ ಆ ಉತ್ತರ ತೆಗೆದು ಕ್ಷಮೆ ಕೇಳಿತು, ನಾವು ಗೆದ್ದೆವೆಂದು ಮಲಗಿದೆವು.

ಕೋಪವೇನೋ ಸರಿಯೇ. ಯಾವುದೋ ಪುಟದ ಸಾಲನ್ನು ಪೆಟ್ಟಿಗೆಯೊಳಗೆ ಹಾಕಿ ಎಲ್ಲಕ್ಕಿಂತ ಮೇಲೆ ಕೂರಿಸುವುದು ಆ ಕಂಪನಿಯದೇ ವಿನ್ಯಾಸ, ಯಂತ್ರದ ತಪ್ಪೆಂದು ಕೈತೊಳೆದುಕೊಳ್ಳುವಂತಿಲ್ಲ. ಆದರೆ ಆ ಸಾಲು ಬಂದದ್ದು ಯಾರೂ ಹೆಸರು ಕೇಳಿರದ ಒಂದು ತಾಣದಿಂದ. ಹುಡುಕುಯಂತ್ರಕ್ಕೆ ಭಾಷೆಯ ಚೆಲುವೂ ಗೊತ್ತಿಲ್ಲ, ಕುರೂಪವೂ ಗೊತ್ತಿಲ್ಲ. ಅದರ ಜೇಡ ಕೊಂಡಿಯಿಂದ ಕೊಂಡಿಗೆ ಹರಿದಾಡಿ ಪುಟಗಳನ್ನು ಓದುತ್ತದೆ, ಪುಸ್ತಕದ ಕೊನೆಯ ಪದಸೂಚಿಯಂತೆ ಯಾವ ಪದ ಎಲ್ಲಿದೆ ಎಂದು ಬರೆದಿಟ್ಟುಕೊಳ್ಳುತ್ತದೆ. ಯಾವ ಪುಟ ಮೇಲೆ ಬರಬೇಕೆಂಬುದಕ್ಕೆ ನೂರೆಂಟು ಲೆಕ್ಕಗಳಿವೆ. ಬ್ರಿನ್ ಮತ್ತು ಪೇಜ್ 1998ರಲ್ಲಿ ಮುಂದಿಟ್ಟ ಮೂಲ ಲೆಕ್ಕ ಮಾತ್ರ ಸರಳ: ಬೇರೆಯವರು ಕೊಡುವ ಕೊಂಡಿಯೆಂದರೆ ಒಂದು ಮತ.

ನನ್ನ ತಕರಾರು ಇಲ್ಲಿಂದ ಶುರು. ಕನ್ನಡದ ಬರಹಗಾರ ಇನ್ನೊಬ್ಬನಿಗೆ ಮತ ಹಾಕುವುದೇ ಇಲ್ಲ. 'ಇತ್ತೀಚೆಗೆ ಒಬ್ಬರು ಎಲ್ಲೋ ಬರೆದಿದ್ದರು' ಎಂದು ಶುರುಮಾಡಿ ಆರು ಪ್ಯಾರಾ ಜಗಳ ತೆಗೆಯುತ್ತಾನೆ, ಆ 'ಎಲ್ಲೋ' ಎಲ್ಲಿ ಎಂದು ಮಾತ್ರ ಹೇಳುವುದಿಲ್ಲ. ಒಳ್ಳೆಯ ಲೇಖನ ಸಿಕ್ಕರೆ ಪೂರ್ತಿ ನಕಲು ಮಾಡಿ ವಾಟ್ಸಾಪಿಗೆ ಸುರಿಯುತ್ತಾನೆ. ಅಲ್ಲಿಗೆ ಜೇಡಕ್ಕೆ ಪ್ರವೇಶವಿಲ್ಲ, ಮೂಲ ಪುಟಕ್ಕೆ ಓದುಗನೂ ಸಿಗುವುದಿಲ್ಲ.

ಇನ್ನು ಅಕ್ಷರದ ಕಥೆ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೂ ವರ್ಷಗಟ್ಟಲೆ ನಾವು ಹಳೆಯ ನುಡಿ, ಬರಹ ಫಾಂಟುಗಳಲ್ಲೇ ತಾಣ ಕಟ್ಟಿದೆವು. ಕಣ್ಣಿಗೆ 'ಕನ್ನಡ' ಎಂದು ಕಾಣುವ ಪದ ಒಳಗೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷರ ಪೌಂಡ್ ಗುರುತು. (ಬೇಕಾದರೆ ಹಳೆಯ ನುಡಿ ಕಡತವೊಂದನ್ನು ಫಾಂಟ್ ಬದಲಿಸಿ ನೋಡಿ.) ಜೇಡ ಓದುವುದು ಈ ಒಳಗಿನದನ್ನು. ಅದು ತಪ್ಪಿತೆಂದರೆ ಸ್ಕ್ಯಾನ್ ಮಾಡಿದ ಪಿಡಿಎಫ್. ಇಲ್ಲಿನ ಸಂಘವೊಂದರ ಸ್ಮರಣ ಸಂಚಿಕೆ ಹಾಗೆಯೇ ಬಂತು. ಇನ್ನೂರು ಪುಟಗಳ ಅಕ್ಷರವಲ್ಲ, ಅಕ್ಷರದ ಫೋಟೋ. ಅದೂ ಓರೆಯಾಗಿ.

ಸಂಪಾದಕ ಮಿತ್ರರಿಗೆ ಇದನ್ನು ಹೇಳಿದರೆ, 'ಅದೆಲ್ಲ ಸೋಪು ಮಾರುವವರ ವಿದ್ಯೆ, ಸಾಹಿತ್ಯಕ್ಕೆ ಯಾಕೆ?' ಎನ್ನುತ್ತಾರೆ. ಪುಸ್ತಕದ ಬೆನ್ನಿನ ಮೇಲೆ ಹೆಸರು ಅಚ್ಚು ಹಾಕಿಸುವಾಗ ಈ ಸಂಕೋಚ ಎಲ್ಲಿರುತ್ತದೆ? ನಮ್ಮ ಜಾಲಪತ್ರಿಕೆಗಳಲ್ಲಿ 'ಒಂದು ನೆನಪು', 'ಮಳೆ ಮತ್ತು ನಾನು' ಎಂಬ ಶೀರ್ಷಿಕೆಗಳೇ ಸಾಲುಸಾಲು. ಬೀದರಿನ ಬಿದರಿ ಕೆಲಸಗಾರರ ಬಗ್ಗೆ ಬರೆದ ಲೇಖನಕ್ಕೆ 'ಕಪ್ಪು ಬೆಳಕು' ಎಂದು ಹೆಸರಿಟ್ಟರೆ, ಬಿದರಿ ಎಂದು ಹುಡುಕುವವನು ಏನು ಮಾಡಬೇಕು?

ಬೆಂಗಳೂರಿನಲ್ಲಿರುವವರಿಗೆ ಇದು ತಲೆಹರಟೆ ಎನಿಸಬಹುದು. ಅವರಿಗೆ ಬೀದಿಯ ಬೋರ್ಡಿನಲ್ಲೂ ಕನ್ನಡವಿದೆ. ತೆಲಂಗಾಣದ ಶಾಲೆಗಳಲ್ಲಿ 2018ರ ಕಾನೂನಿನಂತೆ ತೆಲುಗು ಕಡ್ಡಾಯ. ಅದು ನ್ಯಾಯವೇ, ನನ್ನ ಆಕ್ಷೇಪವಿಲ್ಲ. ಕಾಚಿಗುಡದಲ್ಲಿ ನೃಪತುಂಗ ಶಾಲೆಯಿದೆ, ನಿಜ, ಆದರೆ ಕೂಕಟ್‌ಪಲ್ಲಿಯಿಂದ ಅಲ್ಲಿಗೆ ದಿನವೂ ಮಗುವನ್ನು ಕಳಿಸುವವರು ಯಾರು? ಮನೆಯಲ್ಲಿ ಅಜ್ಜಿಯಿಂದ ಕನ್ನಡ ಕಲಿತ ಹುಡುಗಿ ಹದಿನಾರನೇ ವಯಸ್ಸಿಗೆ 'ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿತ್ತೇ?' ಎಂದು ಕನ್ನಡದಲ್ಲೇ ಟೈಪ್ ಮಾಡಿದಳು ಎನ್ನಿ. ಉತ್ತರ ಬಾರದಿದ್ದರೆ ಎರಡನೇ ಸಲ ಇಂಗ್ಲಿಷಿನಲ್ಲಿ ಕೇಳುತ್ತಾಳೆ. ಮೂರನೇ ಸಲ ಕನ್ನಡದ ಕೀಲಿಮಣೆ ತೆರೆಯುವುದೇ ಇಲ್ಲ.

ಆದ್ದರಿಂದ, ಈ ಲೇಖನಕ್ಕೆ ಯಾರಾದರೂ ಉತ್ತರ ಬರೆಯುವುದಾದರೆ ಖಾರವಾಗಿಯೇ ಬರೆಯಿರಿ. 'ಒಬ್ಬ ಐಟಿಯವನು ಎಲ್ಲೋ ಬರೆದಿದ್ದಾನೆ' ಎನ್ನಬೇಡಿ, ಕೊಂಡಿ ಹಾಕಿ.